ಕಾರಿನ ಮೋರೆಗೆ ಅಂಟಿದ ಹುಳುಗಳು

ಶರದೃತು ಕಾಲಿಟ್ಟು ಕಾರ್ತಿಕ ಮಾಸ ಸಮೀಪಿಸಿತೆಂದರೆ ಕಾಶಿಗೆ ಎರಡು ಬಗೆಯ ಯಾತ್ರಿಕರು ಬರತೊಡಗುತ್ತಾರೆ. ಮೊದಲನೆಯವರು ನಮ್ಮ ನಿಮ್ಮಂತಹ ಮನುಷ್ಯರು. ಗಂಗಾಸ್ನಾನ, ವಿಶ್ವನಾಥನ ದರ್ಶನ, ದೇವದೀಪಾವಳಿಯ ಸೊಬಗು ಇವುಗಳಿಗಾಗಿ ಬರುವವರು. ಎರಡನೆಯವರು ಎಳ್ಳಿನ ಕಾಳಿಗಿಂತ ತುಸು ದೊಡ್ಡದಾದ, ಹಸಿರು ಬಣ್ಣದ ಹುಳುಗಳು. ಸುತ್ತಣ ಭತ್ತದ ಗದ್ದೆಗಳಲ್ಲಿ ಮಳೆಗಾಲವೆಲ್ಲ ಬೆಳೆದು, ಹೊತ್ತು ಮುಳುಗುತ್ತಲೇ ದೀಪಗಳಿದ್ದಲ್ಲಿಗೆ ಹಿಂಡುಹಿಂಡಾಗಿ ನುಗ್ಗುವ ಈ ಪ್ರಾಣಿಗಳಿಗೆ ಕನ್ನಡದಲ್ಲಿ ಹಸಿರು ಜಿಗಿಹುಳು ಎಂದು ಹೆಸರು. ಕಾಶಿಯ ಜನ ಇಂತಹ ಹಾರುವ ಸಣ್ಣ ಹುಳುಗಳನ್ನೆಲ್ಲ ಒಟ್ಟಿಗೆ ಭುನಗಾ ಎಂದು ಕರೆದುಬಿಡುತ್ತಾರೆ. ಬಂಗಾಳದವರು ಕಾಳೀಪೂಜೆಯ ಹೊತ್ತಿಗೆ ಬರುವುವೆಂದು ಶ್ಯಾಮಾಪೋಕಾ ಎನ್ನುತ್ತಾರೆ.

ಹೋಟೆಲಿನಲ್ಲಿ ದುಡಿದವರಿಗೆ ಈ ಅತಿಥಿಗಳ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ನಾವು ಕೆಲವು ವರ್ಷ ಕಾಶಿಯಲ್ಲಿ ಒಂದು ಸಣ್ಣ ಹೋಟೆಲು ನಡೆಸಿದವರು. ಸಂಜೆ ಏಳು ಗಂಟೆಗೆ ಸಾಂಬಾರಿನ ಪಾತ್ರೆಯ ಮುಚ್ಚಳ ಅರೆಗಳಿಗೆ ತೆರೆದಿದ್ದರೆ ಸಾಕು, ಕೊತ್ತಂಬರಿ ಸೊಪ್ಪಿನ ಜತೆಗೆ ಇವೂ ತೇಲುತ್ತಿದ್ದವು. ಗಲ್ಲದ ಮೇಲೆ ಕುಳಿತು ಲೆಕ್ಕ ಬರೆಯುವಾಗ ಅಂಕೆಗಳ ನಡುವೆ ಚುಕ್ಕೆಯಂತೆ ಬಂದು ಕೂರುತ್ತಿದ್ದವು. ಒಳಗಿನ ದೀಪ ತಗ್ಗಿಸಿ, ಹೊರಗೆ ಬೀದಿಯ ಕಡೆ ಒಂದು ದೀಪ ಉರಿಸಿ, ಅದರ ಕೆಳಗೆ ಅಗಲವಾದ ತಟ್ಟೆಯಲ್ಲಿ ನೀರಿಟ್ಟು ನಮ್ಮ ಮಾನ ಉಳಿಸಿಕೊಳ್ಳುತ್ತಿದ್ದೆವು.

ಆದರೆ ಇಂದು ನಾವು ಬರೆಯಹೊರಟಿರುವುದು ಸಾಂಬಾರಿಗೆ ಬಿದ್ದ ಹುಳುವಿನ ವಿಚಾರವಲ್ಲ. ಈ ಎರಡು ಬಗೆಯ ಯಾತ್ರಿಕರೂ ದಾರಿಯಲ್ಲಿ ಮುಖಾಮುಖಿಯಾಗುವ ಒಂದು ಸ್ಥಳವುಂಟು. ಅದು ಕಾರಿನ ಮುಂಭಾಗ. ಅಲ್ಲಿ ಅಂಟಿದ ಕಲೆಯನ್ನು ತೆಗೆಯುವ ಬಗೆ ತಿಳಿಯದೆ ಒಬ್ಬ ಹುಡುಗ ತನ್ನ ಸಂಬಳವನ್ನು ಕಳೆದುಕೊಂಡ. ಕತ್ತರಿಸಿದವರು ನಾವೇ. ಆದುದರಿಂದ ಈ ವಿಷಯ ಬರೆಯುವ ಹೊಣೆಯೂ ನಮ್ಮದೇ ಆಗಿದೆ.

ಕನ್ಯಾಕುಮಾರಿಯಿಂದ ಕಾಶಿಗೆ

ಕಾಶಿ ಕನ್ನಡಿಗನಿಗೆ ತೀರ ಪರಸ್ಥಳವಲ್ಲ. ಗೋದೌಲಿಯಾದ ಸಮೀಪ ಜಂಗಮವಾಡಿ ಮಠವಿದೆ. ಹನುಮಾನ್ ಘಾಟಿನ ಬಳಿ ಕರ್ನಾಟಕದ ಹೆಸರಿನದೇ ಒಂದು ಘಾಟು ಇದೆ. 1916ರಲ್ಲಿ ಸ್ಥಾಪನೆಯಾದ ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳು ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ರಸ್ತೆಯ ನಂಟೂ ಹಳೆಯದೇ. ಹಿಂದೆ 7ನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿ ಎಂದು ಪ್ರಸಿದ್ಧವಾಗಿದ್ದ ದಾರಿ ಹೊರಡುತ್ತಿದ್ದುದು ಕಾಶಿಯಿಂದ. ರೀವಾ, ಜಬಲ್ಪುರ, ನಾಗಪುರ, ಹೈದರಾಬಾದುಗಳ ಮೇಲೆ ಬೆಂಗಳೂರನ್ನು ಹಾದು, 2,369 ಕಿಲೋಮೀಟರುಗಳಾಚೆ ಕನ್ಯಾಕುಮಾರಿಯಲ್ಲಿ ಅದು ಮುಗಿಯುತ್ತಿತ್ತು. 2010ರಲ್ಲಿ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟಾಗ ಅದು ಹಲವು ತುಂಡುಗಳಾಯಿತು; ಲಖನಾದೌನ್‌ನಿಂದ ದಕ್ಷಿಣದ ಭಾಗ ಈಗ 44ನೆಯ ಹೆದ್ದಾರಿಯಲ್ಲಿ ಸೇರಿದೆ. ನಂಬರು ಬದಲಾದರೂ ದಾರಿ ಅದೇ, ಹುಳುಗಳೂ ಅವೇ.

ಬೆಂಗಳೂರಿನಿಂದ ಕಾಶಿಗೆ ಸುಮಾರು 1,750 ಕಿಲೋಮೀಟರು. ರೈಲನ್ನೇ ನಂಬಿದ್ದ ನಮ್ಮ ಜನ ಈಚಿನ ವರ್ಷಗಳಲ್ಲಿ ಸ್ವಂತ ಕಾರಿನಲ್ಲಿ, ಬಾಡಿಗೆ ಕಾರಿನಲ್ಲಿ ಎರಡು ಮೂರು ದಿನ ಓಡಿಸಿಕೊಂಡು ಬರುವುದು ಸಾಮಾನ್ಯವಾಗಿದೆ. ಸಂಜೆಯ ಹೊತ್ತು ನಾಗಪುರ ದಾಟಿ ಸಿವನಿಯ ಕಡೆಗೆ ಹೋಗುವಾಗ ಪೆಂಚ್ ಅರಣ್ಯ ಸಿಗುತ್ತದೆ. ಅಲ್ಲಿ ಹುಲಿ, ಜಿಂಕೆಗಳು ರಸ್ತೆಗೆ ಅಡ್ಡ ಬಂದು ಸಾಯಬಾರದೆಂದು ಹೆದ್ದಾರಿಯನ್ನೇ ಮೇಲಕ್ಕೆತ್ತಿ, ಕೆಳಗೆ ಅವುಗಳಿಗೆ ಹಾದಿ ಬಿಟ್ಟಿದ್ದಾರೆ. ಸ್ತುತ್ಯವಾದ ಕೆಲಸ. ಆದರೆ ಹಾತೆಗೆ ಯಾರು ಹಾದಿ ಬಿಟ್ಟಾರು? ಅದು ಕಾರಿನ ದೀಪದ ಬೆಳಕಿಗೆ ಎದುರಾಗುತ್ತದೆ, ಮರುಕ್ಷಣದಲ್ಲಿ ಬಂಪರಿನ ಮೇಲೊಂದು ಹಳದಿ ಕಲೆಯಾಗುತ್ತದೆ. ಮುಂದೆ ರೀವಾದಿಂದ ಮಿರ್ಜಾಪುರದವರೆಗೆ ಭತ್ತದ ಸೀಮೆ. ಕಾಶಿ ಮುಟ್ಟುವ ಹೊತ್ತಿಗೆ ಕಾರಿನ ಮೋರೆಗೆ ಯಾರೋ ಸಾಸಿವೆ ಒಗ್ಗರಣೆ ಎರಚಿದಂತಿರುತ್ತದೆ.

ನಮ್ಮ ಹೋಟೆಲಿನ ಮುಂದೆ ನಡೆದದ್ದು

ಅಂತಹದೇ ಒಂದು ಕಾರು ಒಂದು ಕಾರ್ತಿಕದ ರಾತ್ರಿ ನಮ್ಮ ಹೋಟೆಲಿನ ಮುಂದೆ ನಿಂತಿತು. ಕಪ್ಪು ಬಣ್ಣದ ಹೊಸ ಕಾರು. ಊರಿನ ಕಡೆಯ ಒಂದು ಸಂಸಾರ. ಅವರು ಕಾಶಿಗೆ ಬರುವ ಮೊದಲು ದಾರಿಯಲ್ಲಿ ಮೂರು ದಿನ ಕಳೆದಿದ್ದರು. ಕಾಶಿಯಲ್ಲೂ ಒಂದು ದಿನ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ಘಾಟುಗಳನ್ನು ನೋಡಿ ಬಂದಿದ್ದರು. ಊಟ ಮುಗಿಸಿ ಕೈ ತೊಳೆಯುವಾಗ ಯಜಮಾನರು, ಬೆಳಗಾಗುವುದರೊಳಗೆ ಕಾರು ತೊಳೆಯುವವರು ಯಾರಾದರೂ ಸಿಕ್ಕಾರೆಯೇ ಎಂದು ಕೇಳಿದರು.

ನಮ್ಮಲ್ಲಿ ಕ್ಲೀನರ್ ಕೆಲಸಕ್ಕಿದ್ದ ಹುಡುಗ ಮುಂದೆ ಬಂದ. ಕುಂದಾಪುರದ ಕಡೆಯವನು, ವಯಸ್ಸು ಹತ್ತೊಂಬತ್ತು. ರಾತ್ರಿ ಪಾತ್ರೆ ಮುಗಿದ ಬಳಿಕ ಯಾತ್ರಿಕರ ಕಾರು ತೊಳೆದು ನೂರು ರೂಪಾಯಿ ಸಂಪಾದಿಸಿ ತಾಯಿಗೆ ಕಳುಹಿಸುತ್ತಿದ್ದ. ಅಂದೂ ಬಕೆಟಿನಲ್ಲಿ ನೀರು ಹಿಡಿದು ಹೋದ. ಧೂಳು ಹೋಯಿತು, ಹುಳು ಹೋಗಲಿಲ್ಲ. ನಾಲ್ಕು ದಿನ ಒಣಗಿದ ಹುಳು ಹೋಗುವುದಾದರೂ ಹೇಗೆ? ಹುಡುಗನಿಗೆ ತಿಳಿದ ವಿದ್ಯೆ ಒಂದೇ. ಅಡುಗೆಮನೆಗೆ ಬಂದು ಪಾತ್ರೆ ಉಜ್ಜುವ ತಂತಿಯ ಉಂಡೆಯನ್ನೂ ಪುಡಿಯನ್ನೂ ತೆಗೆದುಕೊಂಡು ಹೋಗಿ, ದೋಸೆಕಲ್ಲು ತಿಕ್ಕುವಂತೆ ಶ್ರದ್ಧೆಯಿಂದ ತಿಕ್ಕಿದ.

ಬೆಳಗಿನ ಬಿಸಿಲು ಬಾನೆಟ್ಟಿನ ಮೇಲೆ ಬಿದ್ದಾಗ ಯಜಮಾನರ ಮುಖ ಕಪ್ಪಿಟ್ಟಿತು. ಮೂಗಿನ ಭಾಗವೆಲ್ಲ ಮಬ್ಬಾಗಿ, ಜೇಡನ ಬಲೆಯಂತೆ ಗೀರುಗಳು. ಜಗಳವಾಯಿತು. ಜನ ಸೇರಿದರು. ಹುಡುಗ, “ಹುಳ ಹೋಗ್ಲೇ ಇಲ್ಲ ಧಣಿಗಳೇ, ಹಾಗಾಗಿ ತಿಕ್ಕಿದೆ,” ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಂತ. ನಾವು ಹೋಟೆಲಿನ ಹೆಸರು ಕೆಡಬಾರದೆಂದು ಕಾರನ್ನು ಒಂದು ವರ್ಕ್‌ಶಾಪಿಗೆ ಕಳುಹಿಸಿ, ಪಾಲಿಶ್ ಹಿಡಿಸಿ, ನಾಲ್ಕು ಸಾವಿರ ರೂಪಾಯಿ ತೆತ್ತೆವು. ಅದನ್ನು ಎರಡು ತಿಂಗಳಲ್ಲಿ ಹುಡುಗನ ಸಂಬಳದಿಂದ ಮುರಿದುಕೊಂಡೆವು. ಅಂದು ಅದು ನ್ಯಾಯವೆಂದೇ ನಮಗೆ ತೋರಿತ್ತು.

ಅಂದು ಸಂಜೆ ಅಡುಗೆಯ ಭಟ್ಟರು ಹುಡುಗನಿಗೆ ಹೇಳಿದ ಒಂದು ಮಾತು ನಮ್ಮ ಕಿವಿಗೆ ಬಿತ್ತು: “ಹಾಲು ಹತ್ತಿದ ಪಾತ್ರೆ ನೆನೆಸದೆ ತಿಕ್ತೀಯೇನೋ ಮಾಣಿ? ಇದನ್ನೂ ನೆನೆಸಬೇಕಿತ್ತು.” ಆ ಹೊತ್ತಿಗೆ ಮಾತನ್ನು ಕೇಳಿಸಿಕೊಂಡೆವಷ್ಟೆ, ಅದರ ಬೆಲೆ ತಿಳಿಯಲಿಲ್ಲ.

ಹಲವು ತಿಂಗಳು ಕಳೆದು ಅದೇ ವರ್ಕ್‌ಶಾಪಿನ ಮುಂದೆ ಹೋಗುವಾಗ ಬಣ್ಣ ಹಚ್ಚುವ ಮುದುಕರು ನಮ್ಮನ್ನು ಗುರುತಿಸಿ ನಿಲ್ಲಿಸಿದರು. ಅವರು ಹೇಳಿದ್ದರ ಸಾರಾಂಶ ಇಷ್ಟು: ಗೀರು ಹುಡುಗನದು, ನಿಜ, ಅದು ಪಾಲಿಶಿಗೆ ಹೋಯಿತು. ಆದರೆ ಗೀರಿನ ಕೆಳಗೆ ಸಣ್ಣ ಸಣ್ಣ ಗುಂಡಿಗಳಿದ್ದವು. ಅವು ಹುಳು ತಿಂದ ಗುಂಡಿಗಳು. ಹುಡುಗ ಮುಟ್ಟುವುದಕ್ಕೆ ಮೊದಲೇ ಆಗಿದ್ದವು. ಹೆಚ್ಚಿನ ಕೆಲಸ ಹಿಡಿದದ್ದು ಅವಕ್ಕೇ. ಅಂದರೆ ಮೂರು ದಿನ ದಾರಿಯಲ್ಲಿ, ಒಂದು ದಿನ ಬಿಸಿಲಿನಲ್ಲಿ ಸುಮ್ಮನೆ ಬಿಟ್ಟವರ ತಪ್ಪಿಗೂ ತೆತ್ತವನು ಆ ಹುಡುಗನೇ. ಅಷ್ಟರಲ್ಲಿ ಅವನು ಕೆಲಸ ಬಿಟ್ಟು ಊರಿಗೆ ಹೋಗಿದ್ದ.

ಹುಳು ಬಣ್ಣವನ್ನು ತಿನ್ನುವ ಬಗೆ

ಸತ್ತ ಹುಳು ಬಣ್ಣವನ್ನು ತಿನ್ನುವುದೆಂದರೆ ಏನು? ಓದುಗರು ಕಾರಿನ ಬಣ್ಣವನ್ನು ಒಂದೇ ಪದರವೆಂದು ತಿಳಿಯಬಾರದು. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಲೇಪ ಇರುತ್ತದೆ. ಇದಕ್ಕೆ ಕ್ಲಿಯರ್ ಕೋಟ್ ಎಂದು ಹೆಸರು. ಹೊಳಪೆಲ್ಲ ಇದರದೇ. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿಗಿಂತಲೂ ತೆಳು. ಪಾಲಿಶ್ ಹಿಡಿಸಿದಾಗೆಲ್ಲ ಇದೇ ಇಷ್ಟಿಷ್ಟೇ ಸವೆಯುತ್ತದೆ. ಆದುದರಿಂದ ಪಾಲಿಶನ್ನೂ ಮತ್ತೆ ಮತ್ತೆ ಮಾಡಿಸಲು ಬರುವುದಿಲ್ಲ.

ಇನ್ನು ಹುಳುವಿನ ಕಡೆಗೆ ಬರೋಣ. ಹುಳುವಿನ ರಕ್ತ ನಮ್ಮದರಂತೆ ಕೆಂಪಲ್ಲ. ಹಳದಿ ಹಸಿರು ಛಾಯೆಯ ತಿಳಿರಸ. ಅದರಲ್ಲಿ ಪ್ರೋಟೀನು, ಕೊಬ್ಬು, ಆಮ್ಲ, ಜೀರ್ಣರಸಗಳಿರುತ್ತವೆ. ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ; ಆ ಹೊಡೆತಕ್ಕೆ ಹುಳು ಸಿಡಿದು, ರಸವೆಲ್ಲ ಹರಡಿಕೊಳ್ಳುತ್ತದೆ. ಎಂಜಿನಿನ ಶಾಖ, ಮೇಲಿನ ಬಿಸಿಲು ಎರಡೂ ಸೇರಿ ಆ ಪ್ರೋಟೀನನ್ನು ಬೇಯಿಸಿಬಿಡುತ್ತವೆ. ಕಾದ ಪಾತ್ರೆಯ ತಳಕ್ಕೆ ಹಾಲು ಹತ್ತಿಕೊಳ್ಳುವುದು ಇದೇ ರೀತಿ. ಭಟ್ಟರು ವಿಜ್ಞಾನ ಓದಿದವರಲ್ಲ; ಆದರೂ ಅವರ ಹೋಲಿಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಬೆಂದು ಹಿಡಿದ ಮೇಲೆ ಕೊಳೆಯುವಿಕೆ ಆರಂಭವಾಗುತ್ತದೆ. ಅಮೆರಿಕದ ಫ್ಲಾರಿಡಾ ಸೀಮೆಯಲ್ಲಿ ವರ್ಷಕ್ಕೆರಡು ಸಲ, ಮೇ ಮತ್ತು ಸೆಪ್ಟೆಂಬರ್ ತಿಂಗಳ ಸುಮಾರಿಗೆ, ಜೋಡಿಜೋಡಿಯಾಗಿ ಹಾರುವ ಲವ್‌ಬಗ್ ಎಂಬ ಕಪ್ಪು ನೊಣಗಳ ಹಾವಳಿ ಉಂಟು. ಅಲ್ಲಿ ಇದನ್ನು ಪರಿಶೀಲಿಸಿದ್ದಾರೆ. ಹುಳುವಿನ ರಸ ಮೊದಲು ಹೆಚ್ಚುಕಡಿಮೆ ತಟಸ್ಥವಾಗಿದ್ದು ಅದರ ಪಿಎಚ್ 6.5ರಷ್ಟಿರುತ್ತದೆ, ಒಂದು ದಿನ ಕಾರಿನ ಮೇಲೆ ಉಳಿದರೆ 4.25ಕ್ಕೆ ಇಳಿಯಬಲ್ಲುದು. ಈ ಲೆಕ್ಕದಲ್ಲಿ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟಾಯಿತೆಂದು ಅರ್ಥ. ಎರಡೂಕಾಲು ಅಂಕ ಇಳಿದರೆ ನೂರು ಪಟ್ಟನ್ನೂ ಮೀರುತ್ತದೆ. ಈ ಹುಳಿಯೇ ತೆಳುವಾದ ಲೇಪವನ್ನು ಕೊರೆದು ಗುಂಡಿ ಮಾಡುವುದು. ಕಲೆ ತೆಗೆಯುವ ಕೆಲಸದಲ್ಲಿ ಕೈಬಲಕ್ಕಿಂತ ಕಾಲ ಮುಖ್ಯ ಎಂಬುದಕ್ಕೆ ಇದೇ ಕಾರಣ. ಒಂದು ದಿನದೊಳಗೆ ಹಸಿ ಬಟ್ಟೆಗೆ ಹೋಗುವುದು, ನಾಲ್ಕು ದಿನದ ಮೇಲೆ ತಂತಿಗೂ ಹೋಗದು.

ತೆಗೆಯುವ ಕ್ರಮ

ಈಗ ಕೆಲಸದ ಮಾತು. ನಾವು ಆ ಮುದುಕರಿಂದ ಕೇಳಿ, ಆಮೇಲೆ ಕೈಯಾರೆ ಮಾಡಿ ನೋಡಿದ ಕ್ರಮ ಇದು.

ಮೊದಲನೆಯದಾಗಿ ಕಾರು ನೆರಳಿನಲ್ಲಿರಬೇಕು, ತಗಡು ತಣ್ಣಗಿರಬೇಕು. ಬೆಳಗಿನ ಹೊತ್ತು ಉತ್ತಮ. ಕಾದ ಬಾನೆಟ್ಟಿಗೆ ಸೋಪಿನ ನೀರು ಹಾಕಿದರೆ ಅದು ಅಲ್ಲಿಯೇ ಒಣಗಿ ಹೊಸ ಕಲೆಯಾಗುತ್ತದೆ.

ಎರಡನೆಯದಾಗಿ ಬರಿಯ ನೀರು ಸುರಿದು ಧೂಳು, ಮರಳು ಹೋಗುವಂತೆ ಮಾಡಬೇಕು. ಧೂಳಿನ ಮೇಲೆ ಬಟ್ಟೆ ಆಡಿಸುವುದೂ ಮರಳುಕಾಗದ ತಿಕ್ಕುವುದೂ ಒಂದೇ.

ಮೂರನೆಯದು ಮುಖ್ಯವಾದುದು. ಉಗುರುಬೆಚ್ಚಗಿನ ನೀರಿಗೆ ಕಾರಿನ ಶಾಂಪೂ, ಅದಿಲ್ಲವಾದರೆ ಮಕ್ಕಳ ತಲೆಗೆ ಹಾಕುವ ಮೃದುವಾದ ಶಾಂಪೂ ಸ್ವಲ್ಪ ಬೆರೆಸಿ, ಅದರಲ್ಲಿ ಹಳೆಯ ಹತ್ತಿಯ ಟವೆಲನ್ನು ಅದ್ದಿ, ಹಿಂಡದೆ, ಕಲೆಯಿರುವಲ್ಲಿ ಹೊದೆಸಿಬಿಡಬೇಕು. ಜ್ವರ ಬಂದವನ ಹಣೆಗೆ ಒದ್ದೆ ಬಟ್ಟೆ ಇಟ್ಟಂತೆ. ಹತ್ತು ನಿಮಿಷ ಅದನ್ನು ಮುಟ್ಟಕೂಡದು. ಒಣಗತೊಡಗಿದರೆ ಮೇಲೆ ಇನ್ನಷ್ಟು ನೀರು ಚಿಮುಕಿಸಬೇಕು. ನಿಧಾನವೇ ಪ್ರಧಾನವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ನಾಲ್ಕನೆಯದಾಗಿ ಬಟ್ಟೆ ತೆಗೆದು ಬೇರೆ ಮೃದುವಾದ ಬಟ್ಟೆಯಿಂದ, ಮೈಕ್ರೋಫೈಬರ್ ಆದರೆ ಲೇಸು, ಒಂದೇ ದಿಕ್ಕಿಗೆ ಹಗುರವಾಗಿ ಒರೆಸಬೇಕು. ಪ್ರತಿ ಸಲವೂ ಬಟ್ಟೆಯ ಮಡಿಕೆ ತಿರುವಿ ಶುಚಿಯಾದ ಮಗ್ಗುಲನ್ನು ಉಪಯೋಗಿಸಬೇಕು. ಹುಳುವಿನ ರೆಕ್ಕೆ, ಕಾಲು, ಚಿಪ್ಪುಗಳು ಗಡುಸಾದವು; ಅವನ್ನೇ ಮತ್ತೆ ಮತ್ತೆ ತಿಕ್ಕಿದರೆ ಅವೇ ಗೀರುತ್ತವೆ. ಬಕೆಟುಗಳು ಎರಡಿರಲಿ: ಒಂದು ಸೋಪಿನ ನೀರಿಗೆ, ಮತ್ತೊಂದು ಬಟ್ಟೆ ಜಾಲಿಸಲಿಕ್ಕೆ. ಪಾತ್ರೆ ತೊಳೆಯುವಲ್ಲಿಯೂ ನಾವು ಮಾಡುವುದು ಇದನ್ನೇ ಅಲ್ಲವೇ?

ಹೋಗದೆ ಉಳಿದ ಕಲೆಗೆ ಮತ್ತೊಮ್ಮೆ ನೆನೆಸುವುದೇ ಮದ್ದು. ಎರಡು ಸಲಕ್ಕೂ ಹೋಗದಿದ್ದರೆ ಮೂರನೆಯ ಸಲ. ಹುಳುವಿನ ಕಲೆಗೆಂದೇ ಮಾಡಿದ ದ್ರಾವಣ ಕಾರಿನ ಸಾಮಾನಿನ ಅಂಗಡಿಯಲ್ಲಿ ದೊರೆಯುತ್ತದೆ. ಅದನ್ನು ಹೇಳಿದಷ್ಟು ಹೊತ್ತು ಮಾತ್ರ ಬಿಟ್ಟು ತೊಳೆದುಬಿಡಬೇಕು. ಕೊನೆಗೆ ಬರಿಯ ನೀರಿನಿಂದ ತೊಳೆದು, ಒಣಬಟ್ಟೆಯಿಂದ ನೀರು ಹೀರಿಸಬೇಕು. ಬೋರಿನ ಗಡಸು ನೀರನ್ನು ತಾನಾಗಿ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆಗಳು ನಿಲ್ಲುತ್ತವೆ.

ಎಲ್ಲ ಒಣಗಿದ ಮೇಲೆ ಮುಂಭಾಗಕ್ಕೆ ಮೇಣದ ಪಾಲಿಶ್, ಅಂದರೆ ವ್ಯಾಕ್ಸ್, ತೆಳುವಾಗಿ ಹಚ್ಚಿದರೆ ಮುಂದಿನ ಸಲ ಹುಳು ಬಿಗಿಯಾಗಿ ಹಿಡಿಯುವುದಿಲ್ಲ. ದೋಸೆ ಹಾಕುವ ಮುನ್ನ ಕಲ್ಲಿಗೆ ಎಣ್ಣೆ ಸವರುವ ಉದ್ದೇಶವೇ ಇಲ್ಲಿಯೂ. ದೂರ ಪ್ರಯಾಣಕ್ಕೆ ಹೊರಡುವ ಮುಂಚೆಯೇ ಇದನ್ನು ಮಾಡಿಸಿದ್ದರೆ ಕೆಲಸ ಅರ್ಧಕ್ಕರ್ಧ ಕಡಿಮೆಯಾದೀತು.

ಮಾಡಬಾರದವು

ಹೋಟೆಲಿನಲ್ಲಿ ಕೈಗೆ ಸಿಗುವ ಸಾಮಾನುಗಳೇ ಇಲ್ಲಿ ಶತ್ರುಗಳು. ತಂತಿಯ ಉಂಡೆ, ನಾರು, ಬೂದಿ, ಪಾತ್ರೆಯ ಪುಡಿ ಇವು ಯಾವುವೂ ಕೂಡದು. ಹುಣಸೆಹುಳಿ ಹಿತ್ತಾಳೆಗೆ ಹೊಳಪು ಕೊಟ್ಟೀತು. ಹುಳಿ ತಿಂದ ಬಣ್ಣಕ್ಕೆ ಮತ್ತಷ್ಟು ಹುಳಿ ಹಚ್ಚುವುದು ವಿವೇಕವಲ್ಲ. ನಿಂಬೆಹಣ್ಣಿಗೂ ಇದೇ ಮಾತು. ಅಡುಗೆ ಸೋಡ ಕರಗದೆ ಉಳಿದರೆ ಅದರ ಹರಳುಗಳು ಗೀರುತ್ತವೆ. ಪಾತ್ರೆಯ ಸೋಪು ಜಿಡ್ಡು ತೆಗೆಯುವಾಗ ಕಾರಿಗೆ ಹಚ್ಚಿದ ಮೇಣವನ್ನೂ ತೆಗೆದುಬಿಡುತ್ತದೆ. ಥಿನ್ನರ್, ಪೆಟ್ರೋಲುಗಳ ಗೊಡವೆ ಬೇಡವೇ ಬೇಡ. ಹೆಡ್‌ಲೈಟಿನ ಹೊರಗವಚ ಈಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಅದಕ್ಕೆ ಥಿನ್ನರ್ ತಾಗಿದರೆ ಕಣ್ಣಿಗೆ ಪೊರೆ ಬಂದಂತೆ ಮಬ್ಬಾಗುತ್ತದೆ.

ಮುಂದಿನ ಗಾಜಿನ ವಿಚಾರದಲ್ಲಿ ಪ್ರಾಣದ ಪ್ರಶ್ನೆಯೂ ಇದೆ. ಓಡುತ್ತಿರುವಾಗ ಹುಳು ಬಡಿಯಿತೆಂದು ಒಣಗಾಜಿನ ಮೇಲೆ ವೈಪರ್ ಆಡಿಸಿದರೆ ಕೊಬ್ಬಿನ ರಸ ಗಾಜಿನ ತುಂಬ ಬಳಿದುಕೊಳ್ಳುತ್ತದೆ. ಎದುರು ಲಾರಿಯ ದೀಪ ಬಿದ್ದಾಗ ಅದೆಲ್ಲ ಬೆಳ್ಳಗೆ ಹೊಳೆದು ರಸ್ತೆಯೇ ಕಾಣದಾಗುತ್ತದೆ. ಮೊದಲು ಧಾರಾಳವಾಗಿ ನೀರು ಚಿಮ್ಮಿಸಿ ಆಮೇಲೆ ವೈಪರ್ ಆಡಿಸಬೇಕು. ಹೋಗದಿದ್ದರೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಒರೆಸಿಕೊಂಡು ಮುಂದೆ ಹೋಗಬೇಕು. ಗಾಜಿಗೆ ಉಪಯೋಗಿಸುವ ಬಟ್ಟೆ ಬೇರೆಯೇ ಇರಲಿ. ಮೇಣದ ಬಟ್ಟೆ ಅದಕ್ಕೆ ತಾಗಬಾರದು.

ಗ್ರಿಲ್ಲಿನ ಹಿಂದೆ ರೇಡಿಯೇಟರ್ ಇರುತ್ತದೆ. ಅದರ ಅಲ್ಯೂಮಿನಿಯಂ ಎಲೆಗಳ ನಡುವೆ ಹುಳು ತುಂಬಿದರೆ ಗಾಳಿ ಆಡದೆ ಎಂಜಿನ್ ಕಾಯುತ್ತದೆ. ಎಂಜಿನ್ ಪೂರ್ತಿ ತಣಿದ ಮೇಲೆ ಸಾಧಾರಣ ರಭಸದ ನೀರಿನಿಂದ ತೊಳೆಯಬೇಕು. ಭಾರಿ ಒತ್ತಡದ ನೀರನ್ನು ಹತ್ತಿರದಿಂದ ಬಿಟ್ಟರೆ ಆ ತೆಳುವಾದ ಎಲೆಗಳು ಮಡಿಚಿಕೊಳ್ಳುತ್ತವೆ.

ಇನ್ನೊಂದು ಮಾತು. ಕಾರನ್ನು ಗಂಗೆಯ ದಂಡೆಗೆ ಒಯ್ದು ತೊಳೆದರೆ ಪುಣ್ಯವೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಎಣ್ಣೆ, ಜಿಡ್ಡು, ಸೋಪು ಎಲ್ಲವೂ ನದಿಗೆ ಸೇರುವುದು ಪಾಪವೇ ಸರಿ. ಎರಡು ಬಕೆಟ್ ನೀರಿನಲ್ಲಿ ಆಗುವ ಕೆಲಸಕ್ಕೆ ಗಂಗೆಯೇಕೆ?

ನಮಗೆ ಕಾರೆಲ್ಲಿದೆ ಎನ್ನುವವರಿಗೆ

ನಮ್ಮ ಓದುಗರಲ್ಲಿ ಅನೇಕರು, ಕಾರಿಲ್ಲದವನಿಗೆ ಈ ಪುರಾಣವೇಕೆ ಎಂದು ಕೇಳಿಯಾರು. ಬೈಕಿನ ಮೇಲೆ ಆಫೀಸಿಗೆ ಹೋಗುವ ಗುಮಾಸ್ತರ ಹೆಲ್ಮೆಟ್ಟಿನ ಮುಂಗಾಜು ಕೂಡ ಗಾಜಲ್ಲ, ಸಾಮಾನ್ಯವಾಗಿ ಅದೇ ಪಾಲಿಕಾರ್ಬೊನೇಟ್. ಅದರ ಮೇಲೆ ಸಿಡಿದ ಹುಳುವನ್ನು ಅಂಗಿಯ ತೋಳಿನಿಂದ ಒಣದಾಗಿ ಒರೆಸಿದರೆ ಗೀರು ಬೀಳುತ್ತದೆ. ಆ ಗೀರು ರಾತ್ರಿ ಎದುರು ದೀಪಕ್ಕೆ ಕಣ್ಣು ಕೋರೈಸುತ್ತದೆ. ಒದ್ದೆ ಕರವಸ್ತ್ರವನ್ನು ಐದು ನಿಮಿಷ ಹೊದೆಸಿಟ್ಟು, ಆಮೇಲೆ ನೀರಿನಡಿ ಹಿಡಿದರೆ ತಾನಾಗಿ ಜಾರುತ್ತದೆ.

ಬಾಡಿಗೆ ಕಾರಿನಲ್ಲಿ ಊರಿಗೋ ಯಾತ್ರೆಗೋ ಹೋಗುವವರು ಹಿಂದಿರುಗಿಸುವ ಹಿಂದಿನ ರಾತ್ರಿಯೇ ಮುಂಭಾಗ ತೊಳೆದುಬಿಟ್ಟರೆ ಠೇವಣಿಯ ಹಣಕ್ಕೆ ಕತ್ತರಿ ಬೀಳದು. ಬಿಡುವಿನಲ್ಲಿ ಕಾರು ತೊಳೆದು ನಾಲ್ಕು ಕಾಸು ಮಾಡಿಕೊಳ್ಳುವ ಹೋಟೆಲ್ ಹುಡುಗರಿಗೆ ನಮ್ಮ ವಿಶೇಷ ವಿಜ್ಞಾಪನೆ ಇದೆ: ನೀರು ಹಾಕುವ ಮುನ್ನ ಕಾರಿನ ಮುಂಭಾಗವನ್ನು ಒಡೆಯನ ಜತೆ ನಿಂತು ನೋಡಿರಿ. ಕಲೆ ಎಷ್ಟು ದಿನದ್ದೆಂದು ಕೇಳಿರಿ. ಮೊಬೈಲಿನಲ್ಲಿ ಎರಡು ಚಿತ್ರ ತೆಗೆದಿಟ್ಟುಕೊಳ್ಳಿರಿ. “ನೆನೆಸಿ ತೆಗೆಯುತ್ತೇನೆ, ಹೋಗದ್ದನ್ನು ತಿಕ್ಕುವುದಿಲ್ಲ,” ಎಂದು ಮೊದಲೇ ಹೇಳಿರಿ. ಈ ಒಂದು ಮಾತು ಎರಡು ತಿಂಗಳ ಸಂಬಳವನ್ನು ಕಾಪಾಡಬಲ್ಲುದು.

ಕಲೆಯಿಲ್ಲದ ಗಾಜಿನ ಚಿಂತೆ

ಕಲೆಯನ್ನು ತೆಗೆಯುವ ಮಾತಾಯಿತು. ಜಗತ್ತಿನ ಬೇರೆ ಕಡೆ ವಿದ್ವಾಂಸರು ಕಲೆ ಇಲ್ಲವಾಗುತ್ತಿದೆಯಲ್ಲಾ ಎಂದು ಚಿಂತಿಸುತ್ತಿದ್ದಾರೆಂದರೆ ಓದುಗರಿಗೆ ಸೋಜಿಗವಾದೀತು. ಡೆನ್ಮಾರ್ಕಿನಲ್ಲಿ ಆಂಡರ್ಸ್ ಪಾಪೆ ಮೊಲ್ಲರ್ ಎಂಬ ವಿಜ್ಞಾನಿ 1997ರಿಂದ 2017ರವರೆಗೆ ಎರಡು ರಸ್ತೆಗಳಲ್ಲಿ ಕಾರು ಓಡಿಸಿ, ಗಾಜಿಗೆ ಬಡಿದ ಹುಳುಗಳನ್ನು ಎಣಿಸಿದರು. ಒಂದು ರಸ್ತೆಯಲ್ಲಿ ಅವು ನೂರಕ್ಕೆ 80ರಷ್ಟು, ಇನ್ನೊಂದರಲ್ಲಿ ನೂರಕ್ಕೆ 97ರಷ್ಟು ಕಡಿಮೆಯಾಗಿದ್ದವು. ಜರ್ಮನಿಯ ಸಂರಕ್ಷಿತ ವನಗಳಲ್ಲಿ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿದೆಯೆಂದು 2017ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರೇ ಕಾರಿನ ನಂಬರ್ ಪ್ಲೇಟಿಗೆ ಅಂಟಿದ ಹುಳುಗಳನ್ನು ಎಣಿಸಿ ಕಳುಹಿಸುವ ಏರ್ಪಾಡು ನಡೆದಿದೆ.

ಜಿಗಿಹುಳು ಭತ್ತದ ರಸ ಹೀರಿ, ತುಂಗ್ರೋ ಎಂಬ ರೋಗವನ್ನು ಹರಡುವ ಪ್ರಾಣಿ. ಅದು ಸತ್ತರೆ ರೈತ ಅಳುವುದಿಲ್ಲ. ಆದರೆ ಕಾರಿಗೆ ಬಡಿಯುವುದು ಅದೊಂದೇ ಅಲ್ಲ. ಹೂವಿನಿಂದ ಹೂವಿಗೆ ಪರಾಗ ಒಯ್ಯುವ ಹಾತೆ, ಜೇನು, ಹಕ್ಕಿಯ ಮರಿಗೆ ಆಹಾರವಾಗುವ ನೂರಾರು ಹುಳುಗಳೂ ಅದರಲ್ಲಿವೆ. ದೀಪಕ್ಕೆ ಮರುಳಾಗಿ ಪತಂಗ ಬೆಂಕಿಗೆ ಬೀಳುತ್ತದೆಂದು ಕವಿಗಳು ಹೇಳುತ್ತ ಬಂದರು. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ ಅದು ಮೋಹವಲ್ಲ, ದಿಗ್ಭ್ರಮೆ. ಕೀಟವು ಬೆಳಕಿನ ದಿಕ್ಕೇ ಆಕಾಶವೆಂದು ನಂಬಿ ಬೆನ್ನನ್ನು ಅತ್ತ ತಿರುಗಿಸಿ ಹಾರುತ್ತದೆ. ಮನುಷ್ಯನ ದೀಪ ಬಂದ ಮೇಲೆ ಅದಕ್ಕೆ ಮೇಲಾವುದು ಕೆಳಗಾವುದು ತಿಳಿಯದಾಗಿ, ದೀಪದ ಸುತ್ತಲೇ ಸುತ್ತುತ್ತದೆ. ಕಾರ್ತಿಕದಲ್ಲಿ ಗಂಗೆಯ ಘಾಟುಗಳ ಮೇಲೆ ಬಿದಿರಿನ ಗಳುವಿಗೆ ಬುಟ್ಟಿ ಕಟ್ಟಿ ಏರಿಸುವ ಆಕಾಶದೀಪಗಳನ್ನು ನೋಡುವಾಗ ಈಗ ನಮಗೆ ಈ ಮಾತು ನೆನಪಾಗುತ್ತದೆ.

ಮುಸ್ಸಂಜೆಯಲ್ಲಿ, ಗದ್ದೆ ಕಾಡುಗಳ ನಡುವೆ ವೇಗವನ್ನು ತುಸು ತಗ್ಗಿಸಿದರೆ ಹುಳುವಿಗೂ ಬಣ್ಣಕ್ಕೂ ಗಾಡಿಯಲ್ಲಿರುವವರಿಗೂ ಒಳಿತೇ. ಯಾತ್ರೆಗೆ ಹೋಗುವವರಿಗೆ ಅಷ್ಟು ಅವಸರವಾದರೂ ಏಕೆ?

ಒಂದು ಪ್ರಶ್ನೆ

ಆ ಹುಡುಗನ ಊರಿನ ವಿಳಾಸ ಹುಡುಕಿ, ಅವನ ತಾಯಿಯ ಬ್ಯಾಂಕ್ ಲೆಕ್ಕಕ್ಕೆ ನಾವು ಮುರಿದುಕೊಂಡಿದ್ದ ನಾಲ್ಕು ಸಾವಿರವನ್ನೂ ಕಳುಹಿಸಿದೆವು. ಗೀರಿನ ಪಾಲನ್ನು ಕಳೆದು ಉಳಿದದ್ದನ್ನು ಮಾತ್ರ ಕೊಡಬೇಕಿತ್ತೆಂದು ವ್ಯವಹಾರ ಬಲ್ಲವರೊಬ್ಬರು ಹೇಳಿದರು. ಗೀರಿನ ಪಾಲೂ ನಮ್ಮದೇ ಎಂದು ನಮಗೆ ಅನಿಸಿತ್ತು. ಅವನಿಗೆ ತಂತಿಯ ಉಂಡೆಯನ್ನು ಕೊಟ್ಟವರು ನಾವು. ಅದನ್ನು ಎಲ್ಲಿ ಉಪಯೋಗಿಸಬಾರದೆಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ. ಕಲಿಸದ ಕೆಲಸದಲ್ಲಿ ತಪ್ಪಾದರೆ ದಂಡ ಕಟ್ಟಬೇಕಾದವರು ಯಾರೆಂಬುದನ್ನು ಗಲ್ಲದ ಮೇಲೆ ಕೂರುವವರೆಲ್ಲ ಯೋಚಿಸತಕ್ಕದ್ದು.

ಎರಡು ದಿನ ಬಿಟ್ಟು ಅವನೇ ಫೋನು ಮಾಡಿದ. ಈಗ ಊರಿನ ಕಡೆ ಟ್ಯಾಕ್ಸಿ ಓಡಿಸುತ್ತಾನಂತೆ. ಮಳೆ ಹಿಡಿಯುವ ಮೊದಲು ಸಂಜೆ ಈಸಲು ಹುಳು ಎದ್ದರೆ ಗಾಡಿಯ ಮುಖವೆಲ್ಲ ಮುಚ್ಚಿಹೋಗುತ್ತದೆಯಂತೆ. ನಾವು ಹಣದ ವಿಚಾರ ಎತ್ತಿ ಏನೋ ಹೇಳಹೊರಟೆವು. ಅವನು ತಡೆದು, “ಅದಿರಲಿ ಧಣಿಗಳೇ. ಆ ಕಲೆ ಕೊನೆಗೆ ಎಂತ ಮಾಡಿದರೆ ಹೋಯ್ತು, ಅದು ಹೇಳಿ,” ಎಂದ.

ಅಂದು ಫೋನಿನಲ್ಲಿ ಹೇಳಿದ್ದನ್ನೇ ಇಂದು ಇಲ್ಲಿ ಬರೆದಿದ್ದೇವೆ. ಬೇರೆ ಬೇರೆ ಊರುಗಳ ಹೋಟೆಲುಗಳಲ್ಲಿ ರಾತ್ರಿ ಪಾತ್ರೆ ಮುಗಿಸಿ ಬಕೆಟು ಹಿಡಿದು ಹೊರಡುವ ಹುಡುಗರು ಇದನ್ನು ಓದಲಿ. ಓದಲಾಗದವರಿಗೆ ಜತೆಯವರು ಓದಿ ಹೇಳಲಿ. ಮೊದಲು ನೆನೆಸಿರಿ, ಆಮೇಲೆ ಒರೆಸಿರಿ.